ಸೆಕುಕಿನುಮ್ಯಾಬ್ ಪೆನ್ನು: ಎಂಟು ತಿಂಗಳು ಚುಚ್ಚಿಕೊಂಡವನ ಮಾತು

ನಾನು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವನು. ಕಪ್ಪು ರೇಷ್ಮೆ ಬಿಚ್ಚಿ ಹಾಸಿದರೆ ನನ್ನ ಮೊಣಕೈಯಿಂದ ಅದರ ಮೇಲೆ ಬಿಳಿ ಹೊಟ್ಟು ಉದುರುತ್ತಿತ್ತು. ಗಿರಾಕಿಗಳು ಏನೂ ಅನ್ನುತ್ತಿರಲಿಲ್ಲ, ಸುಮ್ನೆ ಬೆರಳ ತುದಿಯಲ್ಲಿ ಸೀರೆಯನ್ನು ಅತ್ತ ಸರಿಸುತ್ತಿದ್ದರು. ಸೋರಿಯಾಸಿಸ್‌ಗೆ ಮುಲಾಮು, ಮೆಥೊಟ್ರೆಕ್ಸೇಟ್ ಮಾತ್ರೆ ಎಲ್ಲ ಆದ ಮೇಲೆ ಚರ್ಮದ ಡಾಕ್ಟರು ಪೆನ್ನಿನಂಥ ಈ ಇಂಜೆಕ್ಷನ್ ಬರೆದರು. ಅದಕ್ಕೂ ಮೊದಲು ಟಿಬಿ ಪರೀಕ್ಷೆ ಮಾಡಿಸಿದರು.

ಇದು ಮಾಡುವುದಿಷ್ಟು. ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್ ಎಂಬ ಪ್ರೋಟೀನ್ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ನನ್ನಂಥವರಲ್ಲಿ ಇಂಟರ್‌ಲ್ಯೂಕಿನ್ 23 ಟಿ ಕೋಶ ಎಂಬ ಕೆಲವು ಬಿಳಿ ರಕ್ತಕಣಗಳನ್ನು ಕೆರಳಿಸುತ್ತದೆ, ಅವು ಇಂಟರ್‌ಲ್ಯೂಕಿನ್ 17 ಸುರಿಸುತ್ತವೆ. ಚರ್ಮ ಗಾಬರಿಬಿದ್ದು ತಿಂಗಳ ಕೆಲಸವನ್ನು ವಾರದೊಳಗೆ ಮುಗಿಸಿ ಪದರದ ಮೇಲೆ ಪದರ ಕಟ್ಟುತ್ತದೆ. ಈ ಮದ್ದು ಆ 17ರದೇ ಒಂದು ಬಗೆಯಾದ 17ಎ ಅನ್ನು ಮಾತ್ರ ಹಿಡಿದು ಕಟ್ಟಿಹಾಕುತ್ತದೆ.

150 ಮಿಲಿಗ್ರಾಂನ ಎರಡು ಪೆನ್ನು ಒಂದು ಡೋಸ್. ಮೊದಲು ವಾರಕ್ಕೊಂದರಂತೆ ಐದು ಡೋಸ್, ಆಮೇಲೆ ತಿಂಗಳಿಗೊಂದು. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮನೆಯಲ್ಲಿ ಅದರ ಜಾಗ ದೋಸೆ ಹಿಟ್ಟಿನ ಹಿಂದೆ. ಚುಚ್ಚುವಾಗ ಎರಡು ಸಲ ಕ್ಲಿಕ್ ಅನ್ನುತ್ತದೆ. ಮನೆಯಲ್ಲಿ ಮೊದಲ ಸಲ ಒಂದೇ ಕ್ಲಿಕ್ಕಿಗೆ ಎತ್ತಿಬಿಟ್ಟೆ, ಅಷ್ಟು ದುಬಾರಿ ಮದ್ದು ತೊಡೆಯ ಮೇಲೆ ಹರಿದುಹೋಯಿತು. ಪೆನ್ನಿನ ಕಿಂಡಿಯಲ್ಲಿ ಹಸಿರು ಪಟ್ಟಿ ಪೂರ್ತಿ ತುಂಬಿ ನಿಲ್ಲುವ ತನಕ ಒತ್ತಿಹಿಡಿಯಿರಿ.

ಮೂರನೇ ವಾರಕ್ಕೆ ಹೊಟ್ಟು ಕಡಿಮೆಯಾಯಿತು. ಮೂರು ತಿಂಗಳಿಗೆ ಮೊಣಕೈಯಲ್ಲಿ ಕಂದು ಕಲೆ ಮಾತ್ರ. ಉಗುರಿನ ಗುಳಿಗಳು ಇನ್ನೂ ಇವೆ, ಅವು ನಿಧಾನ.

ಐದನೇ ತಿಂಗಳಲ್ಲಿ ನಾಲಿಗೆ ಮೇಲೆ ಬಿಳಿ ಪೊರೆ ಬಂತು, ಸಾರು ತಾಗಿದರೆ ಉರಿ. ಫಂಗಸ್ ಅಂತೆ. ಕ್ಯಾಂಡಿಡಾ ಫಂಗಸ್ಸನ್ನು ದೂರ ಇಡುವುದೂ ಇದೇ 17 ಅಂತೆ, ಅದನ್ನೇ ಕಟ್ಟಿಹಾಕಿದರೆ ಬಾಗಿಲು ಕಾಯುವವರು ಯಾರು ಅಲ್ವಾ? ಕ್ಲೋಟ್ರಿಮಝೋಲ್ ಎಂಬ ಫಂಗಸ್ ಮದ್ದು ಹಚ್ಚಿದ ಮೇಲೆ ಹೋಯಿತು. ಕರುಳಿನ ಕ್ರೋನ್ಸ್ ಕಾಯಿಲೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಇದರಿಂದ ಅದು ಜಾಸ್ತಿಯಾಗಬಹುದು.

ಒಂದು ಸಲ ಐಸ್ ಕರಗಿ ಬೆಚ್ಚಗಾದ ಡಬ್ಬ ಬಂತು. ವಾಪಸ್ ಕಳಿಸಿ ಬದಲಿ ಬರುವಷ್ಟರಲ್ಲಿ ಹನ್ನೆರಡು ದಿನ.

ಮದ್ದಿನ ಕೆಲಸಕ್ಕೆ ಐದಕ್ಕೆ ಐದು ಅಂಕ. ಬೆಲೆಗೆ ಒಂದು. ತಂಗಿ ಗಂಡ ಕೈಸಾಲ ಕೊಡದಿದ್ದರೆ ಎರಡನೇ ತಿಂಗಳಿಗೇ ನಿಲ್ಲಿಸುತ್ತಿದ್ದೆ. ಮೊನ್ನೆ ಅರ್ಧ ತೋಳಿನ ಅಂಗಿ ಹಾಕಿಕೊಂಡು ಅಂಗಡಿಗೆ ಹೋದೆ. ಸಾಹುಕಾರರು ಕಪ್ಪು ಸೀರೆಗಳ ಕಪಾಟನ್ನು ಮತ್ತೆ ನನಗೇ ಬಿಟ್ಟಿದ್ದಾರೆ.