ಎರಡು ಕಾಯಿಲೆ, ಒಂದೇ ಚೀಟಿ: ತಮ್ಮನಿಗೆ ಚಿಕಿತ್ಸೆ ಕೊಟ್ಟ ಕೇಂದ್ರದ ಬಗ್ಗೆ

ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆಯುವುದಕ್ಕೆ ತಮ್ಮನ ಅಡ್ಡಿಯಿಲ್ಲ, ಆದರೆ ಹೆಸರು ಹಾಕಿದರೆ ಪರಿಚಯದವರು ತನ್ನನ್ನು ಗುರುತು ಹಿಡಿಯುತ್ತಾರೆ ಎಂದ. ನ್ಯಾಯವಾದ ಮಾತೇ. ಹಾಗಾಗಿ ಇದನ್ನು ಒಂದು ಬಗೆಯ ಸೇವೆಯ ವಿಮರ್ಶೆ ಎಂದು ಓದಿಕೊಳ್ಳಿ. ಮದ್ಯದ ಚಟಕ್ಕೂ ಮನಸ್ಸಿನ ಕಾಯಿಲೆಗೂ ಒಂದೇ ತಂಡ, ಒಂದೇ ಕಾಲಕ್ಕೆ ಚಿಕಿತ್ಸೆ ಕೊಡುವ ಜಾಗ ಅದು. ನಾನು ಔಷಧ ಅಂಗಡಿಯ ಫಾರ್ಮಸಿಸ್ಟ್. ಚೀಟಿ ಓದುವುದು ನನ್ನ ಕಸುಬು, ಅದರಲ್ಲಿ ಹುಳುಕು ಹುಡುಕುವುದು ಕಸುಬಿನ ಒಂದು ಭಾಗ. ಈ ಬರಹದಲ್ಲೂ ಆ ಚಾಳಿ ಕಂಡೀತು.

ಇಲ್ಲಿಗೆ ಬರುವ ಮುಂಚೆ ನಾವು ಅಲೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಒಬ್ಬ ಮನೋವೈದ್ಯರು “ಮೊದಲು ಕುಡಿತ ಬಿಡಲಿ, ಖಿನ್ನತೆಯನ್ನು ಆಮೇಲೆ ನೋಡೋಣ” ಎಂದರು. ಚಟ ಬಿಡಿಸುವ ಕೇಂದ್ರವೊಂದು “ಇವರಿಗೆ ಮಾನಸಿಕ ತೊಂದರೆ ಇದೆ, ಅದನ್ನು ಸರಿಪಡಿಸಿಕೊಂಡು ಬನ್ನಿ” ಎಂದು ಹಿಂದಕ್ಕೆ ಕಳುಹಿಸಿತು. ಇನ್ನೊಂದು ಕೇಂದ್ರ ಸೇರಿಸಿಕೊಂಡಿತು, ಆದರೆ ಅವನ ಖಿನ್ನತೆಯ ಮಾತ್ರೆಗಳನ್ನು ಬಾಗಿಲಲ್ಲೇ ಇಸಿದುಕೊಂಡಿತು. ಒಂದು ಚಟ ಬಿಟ್ಟು ಇನ್ನೊಂದನ್ನು ಹಿಡಿಯಬಾರದಂತೆ! ಆ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಏಕಾಏಕಿ ನಿಲ್ಲಿಸಿದರೆ ಮಾತ್ರ ತಲೆಸುತ್ತು, ವಾಕರಿಕೆ, ನಿದ್ರೆಗೇಡು ಬರಬಹುದು, ಖಿನ್ನತೆಯೂ ಮರಳಬಹುದು. 1935ರಲ್ಲಿ ಆರಂಭವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಔಷಧದ ವಿಷಯವನ್ನು ವೈದ್ಯರಿಗೇ ಬಿಡಬೇಕು, ಸದಸ್ಯರು ವೈದ್ಯರಾಗಲು ಹೋಗಬಾರದು ಎಂದು ತನ್ನವರಿಗೆ ಹೇಳುತ್ತದೆ. ಆ ಕೇಂದ್ರದ ಗೋಡೆಯ ಮೇಲೆ ಆ ಸಂಘದ ಹನ್ನೆರಡು ಹೆಜ್ಜೆಗಳ ಪಟ್ಟಿಯಿತ್ತು, ಈ ಮಾತೊಂದು ಇರಲಿಲ್ಲ.

ಅದೇ ದಿನಗಳಲ್ಲಿ ಇಬ್ಬರು ವೈದ್ಯರ ಎರಡು ಚೀಟಿ ನನ್ನ ಕೈಗೆ ಬಂದವು. ಎರಡರಲ್ಲೂ ಬೇರೆ ಬೇರೆ ಬ್ರಾಂಡ್ ಹೆಸರಿನಲ್ಲಿ ಇದ್ದದ್ದು ಒಂದೇ ಔಷಧ, ಆತಂಕ ಇಳಿಸಿ ಮಂಪರು ತರಿಸುವ ಡಯಾಜೆಪಾಮ್. ಎರಡನ್ನೂ ನುಂಗಿ ಅದರ ಮೇಲೆ ಕುಡಿದರೆ ಉಸಿರಾಟವೇ ಕುಗ್ಗಬಹುದು. ಬರೆದವರಿಬ್ಬರೂ ತಮ್ಮ ತಮ್ಮ ಮಟ್ಟಿಗೆ ತಪ್ಪು ಮಾಡಿರಲಿಲ್ಲ. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿರಲಿಲ್ಲ, ಅಷ್ಟೇ. ಈ ಕೇಂದ್ರವನ್ನು ನಾನು ಅಳೆದದ್ದು ಆ ಒಂದೇ ಮಾನದಂಡದಿಂದ: ಇಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆಯೇ?

ಓದುತ್ತಾರೆ. ಕುಡಿತವೆಂದು ಬಂದವರಿಗೂ ಮನಸ್ಸು ಸರಿಯಿಲ್ಲವೆಂದು ಬಂದವರಿಗೂ ಅಲ್ಲಿ ಎರಡು ಪ್ರಶ್ನಾವಳಿ ಕೊಡುತ್ತಾರೆ. ಒಂದು, ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್: ಕುಡಿತದ ಬಗ್ಗೆ 10 ಪ್ರಶ್ನೆ, ಒಟ್ಟು 40 ಅಂಕ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಹಾನಿಯ ಹಾದಿ ಹಿಡಿದಿರಬಹುದು ಎಂದು ಲೆಕ್ಕ. ಇನ್ನೊಂದು, ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9: ಪ್ರಶ್ನೆಗಳು 9, ಅಂಕ 27. ಅದರ ಕೊನೆಯ ಪ್ರಶ್ನೆ ಸತ್ತರೆ ಮೇಲು ಎಂಬ ಯೋಚನೆಯ ಕುರಿತಾದದ್ದು. ಅದಕ್ಕೆ ಗುರುತು ಹಾಕಿಸಿಕೊಂಡು ನರ್ಸ್ ಸುಮ್ಮನಾಗಲಿಲ್ಲ. ಕಾಗದವನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಅವನತ್ತ ತಿರುಗಿಸಿಕೊಂಡು, “ಸಾಯಬೇಕೆಂದು ಅನ್ನಿಸಿದೆಯೇ? ಹೇಗೆ ಎಂದು ಯೋಚಿಸಿದ್ದೀರಾ?” ಎಂದು ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ಹೆದರುವವರು ಬಹಳ. ಹಾಗಾಗುವುದಿಲ್ಲ. ನನ್ನ ತಮ್ಮ ನಿಟ್ಟುಸಿರು ಬಿಟ್ಟು ಮಾತಾಡತೊಡಗಿದ.

ಆಮೇಲೆ ಮನೋವೈದ್ಯೆ ಒಂದು ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡರು. ನಡುವೆ ಗೆರೆ ಎಳೆದು ಅದರ ಮೇಲೆ ಅವನ ವಯಸ್ಸನ್ನು ಗುರುತಿಸಿದರು. ಕುಡಿತಕ್ಕೆ ನೀಲಿ ಪೆನ್ನು, ಮನಸ್ಸಿನ ಏರಿಳಿತಕ್ಕೆ ಕೆಂಪು. ಕುಡಿಯಲು ಶುರು ಮಾಡುವ ಮುಂಚೆ ಹೀಗೆ ಮಂಕಾಗಿದ್ದ ಕಾಲ ಇತ್ತೇ? ಕುಡಿತ ಬಿಟ್ಟಿದ್ದ ತಿಂಗಳುಗಳಲ್ಲಿ ಮನಸ್ಸು ಹೇಗಿತ್ತು? ಪ್ರಶ್ನೆಗಳು ಅವನಿಗೂ ಇದ್ದವು, ನನಗೂ ಇದ್ದವು. ಕಾಲೇಜು ಮುಗಿದ ಹೊಸದರಲ್ಲಿ ಅವನು ರಾತ್ರಿ ಹೊತ್ತು ಮಲಗದೆಯೂ ದಣಿಯದೆ, ಮಾತಿಗೆ ಬಿಡುವೇ ಕೊಡದೆ, ಸಾಲ ಮಾಡಿ ವ್ಯಾಪಾರದ ಮೇಲೆ ವ್ಯಾಪಾರ ಶುರು ಮಾಡಿದ್ದನ್ನು ನಾನು ಹೇಳಿದೆ. “ಅಕ್ಕಾ, ಅವು ನನ್ನ ಒಳ್ಳೆಯ ದಿನಗಳು” ಎಂದ ಅವನು. ವೈದ್ಯೆ ಕೆಂಪು ಗೆರೆಯನ್ನು ಅಲ್ಲಿ ಎತ್ತರಕ್ಕೆ ಎಳೆದರು. ಆ ಶಿಖರದ ಕೆಳಗೆ ನೀಲಿ ಇನ್ನೂ ಶುರುವೇ ಆಗಿರಲಿಲ್ಲ.

ಅಷ್ಟಾದರೂ ಅವರು ಅಂದೇ ರೋಗಕ್ಕೆ ಹೆಸರಿಡಲಿಲ್ಲ, ಮತ್ತು ಇದು ನನಗೆ ಬಹಳ ಹಿಡಿಸಿತು. ವಿಪರೀತ ಕುಡಿಯುವವರಲ್ಲಿ ಕಾಣುವ ಖಿನ್ನತೆ ಎಷ್ಟೋ ಸಲ ಮದ್ಯವೇ ತಂದದ್ದು. ಕುಡಿತ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಹಾಗೆಂದು ಎಲ್ಲರನ್ನೂ ಕಾಯಿಸುವುದೂ ತಪ್ಪು. ಕುಡಿತಕ್ಕೆ ಮುಂಚೆಯೇ ಕಾಯಿಲೆ ಇದ್ದರೆ, ಬಿಟ್ಟಿದ್ದಾಗಲೂ ಅದು ಮರಳಿದ್ದರೆ, ಕಾಯುವುದಕ್ಕೆ ಅರ್ಥವಿಲ್ಲ. ಕೊನೆಗೆ ಅವನದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ, ಎಂದು ತೀರ್ಮಾನವಾಯಿತು. ಹಿಂದಿನವರು ತಗ್ಗನ್ನಷ್ಟೇ ಕಂಡು, ಬರೀ ಖಿನ್ನತೆಯ ಮಾತ್ರೆ ಬರೆದಿದ್ದರು. ಬೈಪೋಲಾರ್ ಇರುವವರಲ್ಲಿ ಮನಸ್ಥಿತಿಯನ್ನು ಹಿಡಿದಿಡುವ ಔಷಧವಿಲ್ಲದೆ ಅದೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು.

ಅಲ್ಲಿನ ಆಪ್ತಸಮಾಲೋಚಕರೊಬ್ಬರು ಮಾತ್ರ ಎಲ್ಲವನ್ನೂ “ಒಳಗಿನ ನೋವಿಗೆ ಮದ್ದಾಗಿ ಕುಡಿಯುತ್ತಾರೆ” ಎಂಬ ಒಂದೇ ಸೂತ್ರಕ್ಕೆ ಕಟ್ಟಿಹಾಕುತ್ತಿದ್ದರು. ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಮಂಡಿಸಿದ ವಿಚಾರವದು, ತೂಕವಿಲ್ಲದ್ದೇನಲ್ಲ. ಆದರೆ ನನ್ನ ತಮ್ಮ ಅತಿ ಹೆಚ್ಚು ಕುಡಿದದ್ದು ನೋವಿನಲ್ಲಲ್ಲ, ನೆಲಕ್ಕೆ ಕಾಲು ತಾಕದ ಸಂಭ್ರಮದಲ್ಲಿ. ಕುಡಿತ ನಿದ್ರೆ ಕೆಡಿಸುತ್ತದೆ, ಕೆಟ್ಟ ನಿದ್ರೆ ಉನ್ಮಾದವನ್ನು ಕರೆತರುತ್ತದೆ, ಉನ್ಮಾದ ಮತ್ತೆ ಕುಡಿಸುತ್ತದೆ. ಎಲ್ಲಿಂದ ಶುರುವಾಯಿತೆಂದು ವಾದಿಸುತ್ತ ಕೂರುವುದಕ್ಕಿಂತ ಎರಡನ್ನೂ ಒಟ್ಟಿಗೆ ಹಿಡಿಯುವುದು ಲೇಸು.

ಕುಡಿತ ನಿಲ್ಲಿಸಿದ ಮೊದಲ ದಿನಗಳ ಆರೈಕೆಗೆ ಪೂರ್ತಿ ಅಂಕ. ಕೊನೆಯ ಗುಟುಕಿನ ನಂತರ ಆರೇಳು ಗಂಟೆಗೇ ಕೈನಡುಕ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡನೆಯದರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ, ಪ್ರಾಣಕ್ಕೇ ಕುತ್ತು ತರುವ ಸನ್ನಿ. ಮನೆಯಲ್ಲಿ ಕೋಣೆಗೆ ಬೀಗ ಹಾಕಿ ಬಿಡಿಸುತ್ತೇವೆ ಎನ್ನುವವರು ಇದನ್ನು ತಿಳಿದಿರಲಿ. ಗ್ಲೂಕೋಸ್ ಏರಿಸುವ ಮುಂಚೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಲಿವರ್ ವರದಿ ನೋಡಿ, ಸೋತ ಲಿವರಿಗೂ ಹೆಚ್ಚು ಹೊರೆಯಾಗದ, ಡಯಾಜೆಪಾಮ್ ಜಾತಿಯದೇ ಆದ ಲೊರಾಜೆಪಾಮ್ ಆರಿಸಿ, ಲಕ್ಷಣಗಳಿಗೆ ಅಂಕ ಹಾಕುತ್ತ ಪ್ರಮಾಣ ಇಳಿಸಿದರು. ನಾನು ಹುಳುಕು ಹುಡುಕಿದೆ, ಸಿಗಲಿಲ್ಲ.

ನಮ್ಮ ತಾಯಿಯ ಬೇಡಿಕೆ ಒಂದೇ ಆಗಿತ್ತು: ಕುಡಿದರೆ ವಾಂತಿ ಬರಿಸುವ ಮಾತ್ರೆ ಕೊಡಿ, ಅವನಿಗೆ ತಿಳಿಯದಂತೆ ಬೆರೆಸಿಬಿಡುತ್ತೇನೆ. ನನ್ನ ಅಂಗಡಿಗೂ ಇದನ್ನೇ ಕೇಳಿಕೊಂಡು ಬರುವ ಹೆಂಡಂದಿರು, ತಾಯಂದಿರು ಇದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ, ಮಾತ್ರೆ ಮಾತ್ರ ಕೊಡುವುದಿಲ್ಲ. ಡೈಸಲ್ಫಿರಾಮ್ ಎಂಬ ಆ ಮಾತ್ರೆ ದೇಹದಲ್ಲಿರುವಾಗ ಕುಡಿದರೆ, ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷ ಶೇಖರವಾಗಿ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಜೀವವೂ ಹೋಗಬಹುದು. ತಿಳಿದು, ಒಪ್ಪಿ ತೆಗೆದುಕೊಳ್ಳುವವರಿಗಷ್ಟೇ ಅದು ಔಷಧ. ಸಾಲದ್ದಕ್ಕೆ ಅದು ಲಿವರನ್ನು ಕೆಡಿಸಬಹುದು, ಕೆಲವರಲ್ಲಿ ಭ್ರಮೆಗಳನ್ನೂ ಕೆರಳಿಸಬಹುದು. ವೈದ್ಯೆ ಅಮ್ಮನನ್ನು ಗದರದೆ ಕೂರಿಸಿಕೊಂಡು ಇಷ್ಟನ್ನೂ ವಿವರಿಸಿದರು.

ಕೊನೆಗೆ ಬಂದ ಚೀಟಿ ಒಂದೇ ಒಂದು. ಮನಸ್ಸಿಗೆ ಲಿಥಿಯಂ, 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಬಳಸಿ ತೋರಿಸಿದ ಹಳೆಯ ಔಷಧ. ಕುಡಿತದ ಸೆಳೆತಕ್ಕೆ ಅಕಾಂಪ್ರೊಸೇಟ್. ಅದು ಲಿವರಿನ ಗೊಡವೆಗೆ ಹೋಗದೆ ಕಿಡ್ನಿಯ ಮೂಲಕ ಹೊರಬೀಳುತ್ತದೆ. ಎರಡೂ ಔಷಧಗಳು ಕಿಡ್ನಿಯನ್ನೇ ನೆಚ್ಚಿಕೊಂಡಿರುವುದರಿಂದ ಮೊದಲೇ ಕಿಡ್ನಿ ಪರೀಕ್ಷೆ ಮಾಡಿಸಿದರು, ಲಿಥಿಯಂ ಸಲುವಾಗಿ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ಒಂದು ತೊಡಕೂ ಇದೆ. ಅಕಾಂಪ್ರೊಸೇಟ್ ಹೊತ್ತಿಗೆ ಎರಡರಂತೆ ಮೂರು ಹೊತ್ತು, ದಿನಕ್ಕೆ ಆರು ಮಾತ್ರೆ. ಮಧ್ಯಾಹ್ನದ ಮಾತ್ರೆಯನ್ನು ಜನ ತಪ್ಪಿಸುವುದೇ ಹೆಚ್ಚು. ನರ್ಸ್ ಅವನ ಕೈಯಿಂದಲೇ ವಾರದ ಡಬ್ಬಿ ತುಂಬಿಸಿದರು, ಮೊಬೈಲಿನಲ್ಲಿ ಅಲಾರಂ ಇಡಿಸಿದರು.

ಇನ್ನು ಅವನು ಮತ್ತೆ ಕುಡಿದ ಸಂಗತಿ. ಇಂಥ ಜಾಗದ ನಿಜವಾದ ಬೆಲೆ ತಿಳಿಯುವುದು ಆಗಲೇ. ವಾರಾಂತ್ಯದ ರಜೆಗೆಂದು ಮನೆಗೆ ಬಂದವನು ಕುಡಿದ, ವಾಂತಿ ಮಾಡಿಕೊಂಡ, ಮರಳುವಾಗ ಕಾಲು ಎಡವುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಕೈ ನಡುಗುತ್ತಿತ್ತು. ಕುಡಿದವನೆಂದು ಯಾರಾದರೂ ಹೇಳುವಂತಿದ್ದ. ಬಾಗಿಲಲ್ಲಿದ್ದ ನರ್ಸ್ ಮೊದಲು ಕೇಳಿದ ಪ್ರಶ್ನೆ: “ಲಿಥಿಯಂ ಕೊನೆಯ ಬಾರಿ ಯಾವಾಗ ತೆಗೆದುಕೊಂಡಿರಿ?” ವಾಂತಿಯಾಗಿ ಮೈಯ ನೀರು ಬತ್ತಿದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ, ಏರಿ ವಿಷವಾದಾಗಿನ ಲಕ್ಷಣಗಳು ಇವೇ, ಎಡವುವುದು, ತೊದಲುವುದು, ನಡುಗುವುದು. ತಕ್ಷಣ ರಕ್ತ ತೆಗೆದರು. ಸಾಮಾನ್ಯವಾಗಿ ಕೊನೆಯ ಮಾತ್ರೆಯಾಗಿ 12 ಗಂಟೆಗೆ ಈ ಪರೀಕ್ಷೆ ಮಾಡುತ್ತಾರೆ, ಅನುಮಾನವಿದ್ದಾಗ ಕಾಯುವುದಿಲ್ಲ. ಮಟ್ಟ ಮಿತಿಗಿಂತ ಮೇಲಿತ್ತು. ಔಷಧ ತಡೆದು, ಸಲೈನ್ ಏರಿಸಿ, ರಾತ್ರಿಯಿಡೀ ನೋಡಿಕೊಂಡರು. ಚಟವೊಂದನ್ನೇ ನೋಡುವ ಕಡೆ ಇವನನ್ನು ಮಲಗಿ ಇಳಿಸಿಕೊಳ್ಳಲಿ ಎಂದು ಮೂಲೆಯ ಹಾಸಿಗೆಗೆ ಕಳುಹಿಸಿದ್ದರೆ ಏನಾಗುತ್ತಿತ್ತೆಂದು ಫಾರ್ಮಸಿಸ್ಟ್ ಆಗಿ ನನಗೆ ಗೊತ್ತು.

ಮರುದಿನ ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಎದೆ ನೋವು ಮರಳಿತೆಂದು ಹೃದ್ರೋಗಿಯನ್ನು ಯಾವ ಆಸ್ಪತ್ರೆಯೂ ಆಚೆಗಟ್ಟುವುದಿಲ್ಲವಷ್ಟೇ. ಅವನು ತುಂಬಿಸುತ್ತಿದ್ದ ದಿನಚರಿ ತೆಗೆಸಿದರು. ಕುಡಿಯುವ ಮುಂಚಿನ ಕೆಲವು ರಾತ್ರಿ ನಿದ್ರೆಯ ಗಂಟೆಗಳು ಇಳಿಯುತ್ತ ಬಂದಿದ್ದವು. ಮುಂದಿನ ಯೋಜನೆಯಲ್ಲಿ ಬಾಟಲಿಯ ಮಾತಿಗಿಂತ ಮೊದಲು ಬರೆದದ್ದು ಇದನ್ನು: ಸತತ ಎರಡು ರಾತ್ರಿ ನಿದ್ರೆ ಕೆಟ್ಟರೆ ಕರೆ ಮಾಡಬೇಕು.

ಗುಂಪು ಸಭೆಗಳ ಬಗ್ಗೆ ನನ್ನ ಮೆಚ್ಚುಗೆ ಅರ್ಧ. ಕೂಗಾಟವಿಲ್ಲ, ಎಲ್ಲರೆದುರು ಒಬ್ಬನನ್ನು ನಿಲ್ಲಿಸಿ ತಪ್ಪೊಪ್ಪಿಸುವ ಪದ್ಧತಿಯಿಲ್ಲ. ಸ್ಕಿಜೋಫ್ರೀನಿಯಾ ಇರುವವರೊಬ್ಬರು ಬಾಗಿಲ ಬಳಿ ಕೂರುತ್ತಿದ್ದರು, ಬೇಕೆನಿಸಿದಾಗ ಎದ್ದು ಹೋಗುತ್ತಿದ್ದರು, ಯಾರೂ ತಡೆಯುತ್ತಿರಲಿಲ್ಲ. ಆದರೆ ಗುಂಪು ತುಂಬ ದೊಡ್ಡದು, ಮಾತು ಬಲ್ಲವರದೇ ರಾಜ್ಯ.

ದೂರುಗಳೂ ಇವೆ. ಅಂಗಳದಲ್ಲಿ ಸಿಗರೇಟಿಗೆ ಯಾವ ತಡೆಯೂ ಇಲ್ಲ. ಹೊಸಬರು ಗೆಳೆತನ ಮಾಡುವುದೇ ಅಲ್ಲಿ. ತಂಬಾಕು ಬಿಡಿಸಲು ಹೋದರೆ ಕುಡಿತ ಮರಳುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಉಳಿದಿದೆ. ಹೊಗೆ ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಗಳನ್ನು ಲಿವರ್ ಬೇಗ ಕರಗಿಸುವಂತೆ ಮಾಡುತ್ತದೆ. ಹೊರಗೆ ಹೋಗಿ ಒಮ್ಮೆಲೇ ಸೇದುವುದನ್ನು ಬಿಟ್ಟರೆ ಅದೇ ಪ್ರಮಾಣ ಮೈಗೆ ಹೆಚ್ಚಾಗುತ್ತದೆ. ಮನೆಗೆ ಹೊರಡುವವರಿಗೆ ಇದನ್ನು ಹೇಳುವುದನ್ನು ನಾನು ಕೇಳಲಿಲ್ಲ. ರಜಾದಿನಗಳಲ್ಲಿ ಫೋನ್ ಎತ್ತುವವರಿಗೆ ರೋಗಿಯ ಕಡತ ಗೊತ್ತಿರುವುದಿಲ್ಲ, ಎಲ್ಲಕ್ಕೂ “ಸೋಮವಾರ ಬನ್ನಿ” ಎಂಬ ಉತ್ತರ. ಎರಡು ರಾತ್ರಿ ನಿದ್ರೆ ಕೆಟ್ಟರೆ ಕರೆ ಮಾಡಿ ಎಂದು ಬರೆದುಕೊಟ್ಟವರು ಶನಿವಾರವೂ ನಿದ್ರೆ ಕೆಡುತ್ತದೆ ಎಂಬುದನ್ನು ಮರೆತರೇ?

ಬಿಡುಗಡೆ ಪತ್ರದಲ್ಲಿ ಮುಂದಿನ ಲಿಥಿಯಂ ಪರೀಕ್ಷೆಯ ದಿನಾಂಕ ಇರಲಿಲ್ಲ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಲಿಥಿಯಂ ಮಟ್ಟವನ್ನು ಏರಿಸುತ್ತದೆ ಎಂಬ ಎಚ್ಚರಿಕೆಯೂ ಇರಲಿಲ್ಲ. ಕೇಳಿದ್ದಕ್ಕೆ ಬೇಸರಿಸದೆ ಎರಡನ್ನೂ ಸೇರಿಸಿ ಹೊಸ ಪತ್ರ ಕೊಟ್ಟರು. ಕೇಳಲು ಗೊತ್ತಿಲ್ಲದವರು ಹಳೆಯ ಪತ್ರವನ್ನೇ ಮಡಿಚಿಕೊಂಡು ಹೋಗುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿದ ಒಂದು ಆ ಫೋನಿಗೆ. ಇಂಥ ಕೇಂದ್ರವನ್ನು ಹುಡುಕುತ್ತಿರುವವರು ಎರಡು ಪ್ರಶ್ನೆ ಕೇಳಿ ನೋಡಿ: ಇಲ್ಲಿದ್ದಾಗ ಮತ್ತೆ ಕುಡಿದರೆ ಏನು ಮಾಡುತ್ತೀರಿ? ಈಗ ತೆಗೆದುಕೊಳ್ಳುತ್ತಿರುವ ಮನಸ್ಸಿನ ಮಾತ್ರೆಗಳನ್ನು ಮುಂದುವರಿಸುವುದೋ ಬಿಡುವುದೋ ಎಂದು ನಿರ್ಧರಿಸುವವರು ಯಾರು? ಮೊದಲ ಭೇಟಿಗೆ ಹಳೆಯ ಚೀಟಿಗಳನ್ನಷ್ಟೇ ಅಲ್ಲ, ಮನೆಯಲ್ಲಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಾಲ್ಯದಿಂದ ಬಲ್ಲವರೊಬ್ಬರು ಜೊತೆಗಿರಲಿ. ಆ ಕೆಂಪು ಗೆರೆಯ ಅರ್ಧ ಅವರ ನೆನಪಿನಿಂದಲೇ ಬರುತ್ತದೆ. ಮನೆಯವರ ಸಭೆಯನ್ನು ಕೆಲಸದ ದಿನವೇ, ನಡುಮಧ್ಯಾಹ್ನಕ್ಕೇ ಇಡುತ್ತಾರೆ. ರಜೆ ಹಾಕಿಯಾದರೂ ಹೋಗಿ.