ಪಾಲಿಟಿ ಕ್ಲಾಸಿಗೆ ಹೋಗಿ, ನೋಟ್ಸ್ ಮಾತ್ರ ಕೊಳ್ಳಬೇಡಿ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಕೋಚಿಂಗ್ ಸೆಂಟರಿನ ಭಾನುವಾರದ ಪಾಲಿಟಿ (ಸಂವಿಧಾನ, ಆಡಳಿತದ ಪಾಠ) ಬ್ಯಾಚಿಗೆ ನಾಲ್ಕು ತಿಂಗಳು ಹೋದೆ. ಬೈಯುವುದೂ ಇದೆ, ಅದಕ್ಕೆ ಹೆಸರು ಹಾಕುವುದಿಲ್ಲ.

ಪಾಠ ಮಾತ್ರ ಸೂಪರ್. ರಾಜ್ಯಗಳ ಅಧ್ಯಾಯದ ದಿನ ಹಿಂದಿನ ಬೆಂಚಿನವನೊಬ್ಬ, 'ಸರ್, ನಮಗೆ ಬೇಡ ಅಂದರೆ ಭಾರತ ಬಿಟ್ಟು ಹೋಗಬಹುದಾ?' ಅಂತ ಕೇಳಿದ. ಕಾವೇರಿ ಗಲಾಟೆ ಶುರುವಾದಾಗಲೆಲ್ಲ ಯಾರಾದರೂ ಈ ಮಾತು ಎತ್ತುತ್ತಾರೆ ಅಲ್ವಾ. ಸರ್ ಅವನಿಗೆ ಉತ್ತರ ಕೊಡದೆ ಮಡಿಕೇರಿಯ ಹುಡುಗಿಯ ಕಡೆ ತಿರುಗಿ, 'ನಿಮ್ಮ ರಾಜ್ಯ ಎಲ್ಲಿ ಹೋಯ್ತಮ್ಮ?' ಅಂದರು. ಅವಳು ಕಣ್ಣು ಬಿಟ್ಟಳು. ಕೊಡಗು 1956ರ ತನಕ ಬೇರೆ ರಾಜ್ಯ, 24 ಜನರ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಆ ನವೆಂಬರ್ 1ಕ್ಕೆ ಮೈಸೂರಿನೊಳಗೆ ಸೇರಿಹೋಯಿತು. ರಾಜ್ಯವನ್ನು ಅಳಿಸಬಹುದು, ಒಡೆಯಬಹುದು, ಹೆಸರು ಬದಲಿಸಬಹುದು, ಆದರೆ ರಾಜ್ಯವೇ ಎದ್ದು ಹೊರಗೆ ಹೋಗುವ ಬಾಗಿಲು ಸಂವಿಧಾನದಲ್ಲಿಲ್ಲ, ಅಂದರು. ಅಮೆರಿಕದಲ್ಲೂ ಬಿಟ್ಟು ಹೋಗುವಂತಿಲ್ಲ, 1869ರ ಟೆಕ್ಸಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಅಲ್ಲಿ ರಾಜ್ಯವನ್ನು ಕೇಳದೆ ಒಡೆಯುವಂತೆಯೂ ಇಲ್ಲ.

ಆಗ ನಾನು ಬಾಯಿ ಹಾಕಿದೆ. ನಮ್ಮ ಮಹಾರಾಜರು ಸಹಿ ಹಾಕಿ ತಾನೇ ಸೇರಿದ್ದು? ಸಹಿ ಹಾಕಿದವರು ವಾಪಸ್ ತೆಗೆದುಕೊಳ್ಳಬಾರದಾ? ಸರ್ ಅರ್ಧ ಗಂಟೆ ಅದರ ಮೇಲೇ ನಿಂತರು. 1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರ್ ಭಾರತಕ್ಕೆ ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಇಷ್ಟೇ. ಆದರೆ 1949ರ ನವೆಂಬರ್ 25ರ ಘೋಷಣೆಯಲ್ಲಿ ಅವರೇ ಇಡೀ ಸಂವಿಧಾನವನ್ನು ಮೈಸೂರಿಗೆ ಒಪ್ಪಿಕೊಂಡರು. ಅದಕ್ಕೂ ಒಂದು ವರ್ಷ ಮೊದಲು, 1948ರ ನವೆಂಬರ್ 4ರಂದು, ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಈ ಮಾತು ತೀರಿಸಿದ್ದರು: ಈ ಒಕ್ಕೂಟ ರಾಜ್ಯಗಳು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಹಾಗಾಗಿ ಬಿಟ್ಟು ಹೋಗುವ ಹಕ್ಕು ಯಾರಿಗೂ ಇಲ್ಲ.

ಇನ್ನು ನೋಟ್ಸ್. 350 ರೂಪಾಯಿ, ಸ್ಪೈರಲ್ ಬೈಂಡಿಂಗ್, ಮಸಕು ಜೆರಾಕ್ಸ್. ಅದು ಬಿಡಿ, ಒಳಗೆ ತಪ್ಪು. 3ನೇ ವಿಧಿಯ ಪುಟದಲ್ಲಿ 'ಹೊಸ ರಾಜ್ಯಕ್ಕೆ ಆಯಾ ವಿಧಾನಸಭೆಯ ಒಪ್ಪಿಗೆ ಕಡ್ಡಾಯ' ಅಂತ ಅಚ್ಚಾಗಿದೆ. ರಾಷ್ಟ್ರಪತಿಯವರು ಆ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಅಷ್ಟೇ. ಆಂಧ್ರ ವಿಧಾನಸಭೆ 2014ರ ಜನವರಿಯಲ್ಲಿ ಬೇಡ ಎಂದು ನಿರ್ಣಯ ಮಾಡಿತ್ತು, ಜೂನ್ 2ಕ್ಕೆ ತೆಲಂಗಾಣ ಆಗಿಯೇ ಹೋಯಿತು. ಅದಕ್ಕೆ ಸಂಸತ್ತಿನಲ್ಲಿ ಸಾಮಾನ್ಯ ಬಹುಮತ ಸಾಕು. ನೆಲವನ್ನು ಬೇರೆ ದೇಶಕ್ಕೆ ಕೊಡಬೇಕಾದರೆ ಮಾತ್ರ ಸಂವಿಧಾನ ತಿದ್ದುಪಡಿ ಬೇಕು, ಪಶ್ಚಿಮ ಬಂಗಾಳದ ಬೇರುಬಾರಿಯ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ವಿಚಾರದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ನೋಟ್ಸಿನಲ್ಲಿ ಅದರ ಸುದ್ದಿಯೇ ಇಲ್ಲ.

ತಮಾಷೆ ಅಂದರೆ ಮಾಕ್ ಟೆಸ್ಟಿನ ಕೀ ಉತ್ತರವೂ ಇದೇ ನೋಟ್ಸ್ ನೋಡಿ ಮಾಡಿದ್ದು. ಕ್ಲಾಸಿನಲ್ಲಿ ಕೇಳಿದ್ದನ್ನೇ ಬರೆದ ನನಗೆ ಸೊನ್ನೆ. ಆಫೀಸಿನ ಹುಡುಗಿಗೆ ತೋರಿಸಿದರೆ 'ಮುಂದಿನ ಪ್ರಿಂಟಿನಲ್ಲಿ ಸರಿ ಮಾಡ್ತೀವಿ' ಎಂದಳು, ದುಡ್ಡು ವಾಪಸ್ ಇಲ್ಲ. ಕೊನೆಗೆ ಸರ್ ಅವರೇ ಕೆಂಪು ಪೆನ್ನಿನಲ್ಲಿ ಆ ಒಂದು ಅಂಕ ಸೇರಿಸಿ ಕೊಟ್ಟರು.

ಸೇರುವವರು ಮುಂದಿನ ಸಾಲು ಹಿಡಿಯಿರಿ, ಹಿಂದೆ ಫ್ಯಾನಿನ ಸದ್ದು ಜಾಸ್ತಿ.