ಲಿಂಫ್ ಗ್ರಂಥಿ ಪರೀಕ್ಷೆ ಬೇಕಾ ಬೇಡವಾ: ಮೆಲನೋಮಾ ಕ್ಯಾಲ್ಕ್ಯುಲೇಟರ್ ಹೇಗಿದೆ?

ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿದೆ, ಆದರೆ ಸೆಂಟಿನೆಲ್ ನೋಡ್ ಬಯಾಪ್ಸಿ (ಕ್ಯಾನ್ಸರ್ ಮೊದಲು ಹರಡಬಹುದಾದ ಲಿಂಫ್ ಗ್ರಂಥಿಯನ್ನು ತೆಗೆದು ನೋಡುವ ಪರೀಕ್ಷೆ) ಮಾಡಿಸಬೇಕಾ ಅನ್ನುವ ಗೊಂದಲದಲ್ಲಿ ಇರುವವರಿಗೆ ಮೆಲನೋಮಾ ಇನ್‌ಸ್ಟಿಟ್ಯೂಟ್ ಆಸ್ಟ್ರೇಲಿಯಾದ ಆನ್‌ಲೈನ್ ಕ್ಯಾಲ್ಕ್ಯುಲೇಟರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ವಯಸ್ಸು, ಗೆಡ್ಡೆಯ ದಪ್ಪ, ಮೆಲನೋಮಾದ ಬಗೆ, ಮೇಲೆ ಹುಣ್ಣಾಗಿದೆಯಾ, ಜೀವಕೋಶಗಳು ಎಷ್ಟು ಜೋರಾಗಿ ವಿಭಜನೆ ಆಗುತ್ತಿವೆ, ರಕ್ತ ಅಥವಾ ಲಿಂಫ್ ನಾಳಗಳ ಒಳಗೆ ನುಗ್ಗಿದೆಯಾ, ಇಷ್ಟು ಕೇಳುತ್ತದೆ. ಆಮೇಲೆ ಗ್ರಂಥಿಗೆ ಹರಡಿರುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುತ್ತದೆ.

ಬರೀ ದಪ್ಪ ನೋಡಿ ನಿರ್ಧರಿಸುವುದಕ್ಕಿಂತ ಇದು ಎಷ್ಟೋ ವಾಸಿ. 0.8 ಮಿಲಿಮೀಟರಿಗಿಂತ ತೆಳು, ಹುಣ್ಣಿಲ್ಲ ಅಂದರೆ ಸಾಮಾನ್ಯವಾಗಿ ಪರೀಕ್ಷೆ ಬೇಡ, 1 ಮಿಲಿಮೀಟರ್ ದಾಟಿದರೆ ಮಾಡಿಸಿ ಅನ್ನುತ್ತಾರೆ. ಕಷ್ಟ ಇರುವುದು ನಡುವಿನವರಿಗೆ. ಅಲ್ಲಿ ವಯಸ್ಸಿನ ಲೆಕ್ಕ ಮುಖ್ಯ: ದಪ್ಪ ಒಂದೇ ಇದ್ದರೂ ಚಿಕ್ಕ ವಯಸ್ಸಿನವರಲ್ಲಿ ಗ್ರಂಥಿಗೆ ಹೋಗಿರುವ ಸಾಧ್ಯತೆ ಜಾಸ್ತಿ. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ.

ಬಂದ ಸಂಖ್ಯೆಯನ್ನು ಓದುವುದು ಹೇಗೆ? ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿಯಲ್ಲಿ ಶೇ. 5ಕ್ಕಿಂತ ಕಡಿಮೆ ಇದ್ದರೆ ಬೇಡ, 5ರಿಂದ 10 ಇದ್ದರೆ ಕೂತು ಮಾತಾಡಿ, 10 ದಾಟಿದರೆ ಮಾಡಿಸಿಕೊಳ್ಳಲು ಸಲಹೆ ಕೊಡಿ ಅಂತ ಇದೆ. 7 ಬಂದರೆ ನಿರ್ಧಾರ ಮತ್ತೆ ನಿಮ್ಮ ಕೈಗೇ ಬರುತ್ತದೆ, ಅಲ್ವಾ? ಆಗ ಬೇಕಾದ ಮಾಹಿತಿ ಈ ಸಂಖ್ಯೆಯಲ್ಲಿ ಇಲ್ಲ. ಗ್ರಂಥಿ ತೆಗೆದರೆ ಕೈಕಾಲು ಊದಿಕೊಳ್ಳುವ ತೊಂದರೆ ಕೆಲವರಿಗೆ ಬರುತ್ತದೆ. ಈ ಪರೀಕ್ಷೆಯಿಂದಲೇ ಎಲ್ಲರ ಆಯುಷ್ಯ ಹೆಚ್ಚುತ್ತದೆ ಅಂತ 2014ರಲ್ಲಿ ಕೊನೆಯ ಫಲಿತಾಂಶ ಬಂದ ದೊಡ್ಡ ಅಧ್ಯಯನದಲ್ಲೂ ಕಾಣಲಿಲ್ಲ. ಆದರೆ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೆ ಅದು ಮೂರನೇ ಹಂತ ಆಗುತ್ತದೆ, ಇಮ್ಯುನೋಥೆರಪಿಯಂಥ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ) ಚಿಕಿತ್ಸೆಯ ದಾರಿ ತೆರೆಯುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡ ಕಾರಣ.

ಇನ್ನೊಂದು ಮಾತು. ಪೆಥಾಲಜಿ ರಿಪೋರ್ಟ್ ಅರೆಬರೆ ಇದ್ದರೆ ಸಂಖ್ಯೆಯನ್ನು ಸುಮ್ನೆ ನಂಬಬೇಡಿ. ಮೇಲಿಂದ ಹೆರೆದು ತೆಗೆದ ತುಂಡಿನ ತಳದಲ್ಲೂ ಗೆಡ್ಡೆ ಇದ್ದರೆ ನಿಜವಾದ ಆಳ ಅದಕ್ಕಿಂತ ಜಾಸ್ತಿ ಇರಬಹುದು. ಮೊದಲು ಅದನ್ನು ಡಾಕ್ಟರ್ ಹತ್ತಿರ ಕೇಳಿ. ಮತ್ತೆ ಈ ಮಾತುಕತೆ ಎಲ್ಲ ಗೆಡ್ಡೆಯ ಸುತ್ತ ಅಗಲವಾಗಿ ಕತ್ತರಿಸುವ ಆಪರೇಷನ್‌ಗೆ ಮುಂಚೆಯೇ ಆಗಬೇಕು, ಯಾಕೆಂದರೆ ಆಮೇಲೆ ಲಿಂಫ್ ಹರಿಯುವ ದಾರಿಯೇ ಬದಲಾಗಿ ಸರಿಯಾದ ಗ್ರಂಥಿ ಹುಡುಕುವುದು ಕಷ್ಟವಾಗಬಹುದು.